ಜೀವರಸಾಯನ ಲೋಕದ ಕಾಯಕಯೋಗಿ: ಡಾ. ಯಲ್ಲಾಪ್ರಗಡ ಸುಬ್ಬರಾಯರು

ಶರಣರ ದೃಷ್ಟಿಯಲ್ಲಿ ಕಾಯಕವು ಕೇವಲ ಹೊಟ್ಟೆಪಾಡಿನ ಉದ್ಯೋಗವಲ್ಲ. ಅದು ಸತ್ಯಶುದ್ಧವಾಗಿರಬೇಕು, ಅದರಿಂದ ದೊರೆತ ಫಲವು ಮಾಡಿದವನೊಬ್ಬನ ಭೋಗಕ್ಕೆ ಸೀಮಿತವಾಗದೆ ದಾಸೋಹವಾಗಿ ಸಮಾಜಕ್ಕೆ ಸಲ್ಲಬೇಕು. ಈ ಅಳತೆಗೋಲಿನಿಂದ ನೋಡಿದಾಗ, ಲಿಂಗಾಯತ ಪರಂಪರೆಗೆ ಸೇರದವರಾದರೂ ಆ ಪರಂಪರೆಯ ಆದರ್ಶವನ್ನು ತಮ್ಮ ಬಾಳಿನಲ್ಲಿ ಸಾಧಿಸಿ ತೋರಿದ ಮಹನೀಯರು ಅನೇಕರಿದ್ದಾರೆ. ಅಂಥವರಲ್ಲಿ ಡಾ. ಯಲ್ಲಾಪ್ರಗಡ ಸುಬ್ಬರಾಯರು ಪ್ರಮುಖರು. ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನಕ್ಕೆ ಅವರಷ್ಟು ಕೊಟ್ಟು, ಅವರಷ್ಟು ಕಡಿಮೆ ಪಡೆದವರು ವಿರಳ. ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಮನೆಮನೆಗೂ ಅವರ ಸಂಶೋಧನೆಯ ಫಲ ತಲುಪಿದೆ. ಅವರ ಹೆಸರು ಮಾತ್ರ ತಲುಪಿಲ್ಲ.

ಸುಬ್ಬರಾಯರು 1895ರ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರದಲ್ಲಿ ಜನಿಸಿದರು. ಆಗ ಆ ಪ್ರದೇಶ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮಕ್ಕಳು ಹೆಚ್ಚು, ವರಮಾನ ಕಡಿಮೆ ಎಂಬ ಸಾಮಾನ್ಯ ಕುಟುಂಬ ಅದು. ಬಾಲಕ ಸುಬ್ಬರಾವ್ ಓದಿನಲ್ಲಿ ಮುಂದಿದ್ದವನಲ್ಲ. ಹದಿಮೂರರ ಪ್ರಾಯದಲ್ಲಿ ಅವನು ಮನೆ ಬಿಟ್ಟು ಕಾಶಿಯತ್ತ ಹೊರಟನು. ಅಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಧನ ಸಂಪಾದಿಸಬೇಕೆಂಬುದು ಅವನ ಹವಣಿಕೆಯಾಗಿತ್ತು. ತಾಯಿ ಅವನನ್ನು ಹಿಡಿದು ತರಿಸಿ ಮತ್ತೆ ಶಾಲೆಗೆ ಸೇರಿಸಿದಳು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ, ಮೂರನೆಯ ಪ್ರಯತ್ನದಲ್ಲಿ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಅವನು ತೇರ್ಗಡೆಯಾದನು. ಈ ನಡುವೆ ತಂದೆ ತೀರಿಕೊಂಡರು. ಮಗನ ಓದಿಗಾಗಿ ತಾಯಿ ತನ್ನ ಒಡವೆಗಳನ್ನು ಮಾರಿದಳು. ಒಮ್ಮೆ ಅನುತ್ತೀರ್ಣರಾದೊಡನೆ ಕೈಚೆಲ್ಲುವ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಈ ಸಂಗತಿಯನ್ನು ನೆನಪಿನಲ್ಲಿಡುವುದು ಒಳಿತು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸುವ ಹೊತ್ತಿಗೆ ಸುಬ್ಬರಾಯರ ಮನಸ್ಸು ವೈರಾಗ್ಯದತ್ತ ಒಲಿದಿತ್ತು. ರಾಮಕೃಷ್ಣ ಮಠವನ್ನು ಸೇರಿ ಸಂನ್ಯಾಸಿಯಾಗಬೇಕೆಂದು ಅವರು ಬಯಸಿದರು. ತಾಯಿ ಒಪ್ಪಿಗೆ ಕೊಡಲಿಲ್ಲ. ತಾಯಿಯ ಸಮ್ಮತಿಯಿಲ್ಲದೆ ಮಠವೂ ಅವರನ್ನು ಸೇರಿಸಿಕೊಳ್ಳಲಿಲ್ಲ. ವೈದ್ಯನಾಗಿ ಜನಸೇವೆ ಮಾಡುವ ದಾರಿಯನ್ನು ತೋರಿತು. ಹೀಗೆ ಅವರು ಮದ್ರಾಸ್ ವೈದ್ಯಕೀಯ ಕಾಲೇಜನ್ನು ಸೇರಿದರು. ಕಸ್ತೂರಿ ಸೂರ್ಯನಾರಾಯಣಮೂರ್ತಿ ಎಂಬುವರು ವಿದ್ಯಾಭ್ಯಾಸಕ್ಕೆ ಧನಸಹಾಯವಿತ್ತರು; ಮುಂದೆ 1919ರಲ್ಲಿ ಅವರ ಮಗಳು ಶೇಷಗಿರಿಯೊಡನೆ ಸುಬ್ಬರಾಯರ ವಿವಾಹವಾಯಿತು.

ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಖಾದಿಯ ನಿಲುವಂಗಿಯನ್ನೇ ತೊಟ್ಟರು. ಇದು ಆಂಗ್ಲ ಪ್ರಾಧ್ಯಾಪಕರೊಬ್ಬರ ಅಸಮಾಧಾನಕ್ಕೆ ಕಾರಣವಾಯಿತು. ಲಿಖಿತ ಪರೀಕ್ಷೆಗಳಲ್ಲಿ ಚೆನ್ನಾಗಿ ಬರೆದಿದ್ದರೂ ಅವರಿಗೆ ಪೂರ್ಣ ಎಂ.ಬಿ.ಬಿ.ಎಸ್. ಪದವಿಯ ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ ದೊರೆಯಿತು. ಸರಕಾರಿ ವೈದ್ಯ ಸೇವೆಯ ಬಾಗಿಲೂ ತೆರೆಯಲಿಲ್ಲ. ಮದ್ರಾಸಿನಲ್ಲಿ ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾಗಿ ಅವರು ಕೆಲಸಕ್ಕೆ ಸೇರಿದರು.

ಇದೇ ಕಾಲದ ಒಂದು ಕೌಟುಂಬಿಕ ದುರಂತ ಅವರ ಬಾಳಿನ ಗುರಿಯನ್ನು ನಿರ್ಧರಿಸಿತು. ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ವ್ಯಾಧಿಗೆ ಬಲಿಯಾದರು. ಸ್ಪ್ರೂ ಉಷ್ಣವಲಯದ ಒಂದು ಕರುಳಿನ ರೋಗ. ರೋಗಿಯು ಉಂಡ ಅನ್ನದ ಸಾರ ಮೈಗೆ ಹತ್ತುವುದಿಲ್ಲ. ಎಡೆಬಿಡದ ಭೇದಿ, ಹುಣ್ಣಾದ ನಾಲಗೆ, ದಿನದಿನಕ್ಕೆ ಬಿಳಿಚುವ ರಕ್ತ, ಕೊನೆಗೆ ಸಾವು. ಆಗ ಅದಕ್ಕೆ ನಿಶ್ಚಿತವಾದ ಔಷಧವಿರಲಿಲ್ಲ. ಸೋದರರನ್ನು ಕೊಂದ ಆ ವ್ಯಾಧಿಯ ಮೂಲವನ್ನು ಹುಡುಕಬೇಕೆಂಬ ಸಂಕಲ್ಪ ಸುಬ್ಬರಾಯರಲ್ಲಿ ಬೇರೂರಿತು.

ಮಾವನವರ ನೆರವು ಹಾಗೂ ಕಾಕಿನಾಡದ ಧರ್ಮಸಂಸ್ಥೆಯೊಂದರ ಆಶ್ವಾಸನದ ಬಲದ ಮೇಲೆ ಅವರು ಹಡಗು ಹತ್ತಿದರು. 1922ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ಮುಟ್ಟಿದಾಗ ಅವರ ಬಳಿ ಹಣ ಇದ್ದುದು ಅತ್ಯಲ್ಪ. ಹಾರ್ವರ್ಡ್ ವಿಶ್ವವಿದ್ಯಾಲಯದ ಉಷ್ಣವಲಯ ವೈದ್ಯಶಾಲೆಯಲ್ಲಿ ಪ್ರವೇಶ ದೊರೆಯಿತು; ಆದರೆ ಅವರ ಎಲ್.ಎಂ.ಎಸ್. ಅರ್ಹತೆಗೆ ಅಲ್ಲಿ ವೈದ್ಯ ಹುದ್ದೆ ಸಿಗುವಂತಿರಲಿಲ್ಲ. ಹಗಲು ವಿದ್ಯಾರ್ಥಿಯಾಗಿದ್ದ ಆ ವೈದ್ಯನು ರಾತ್ರಿ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಆಳಾಗಿ, ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದು ಜೀವನ ಸಾಗಿಸಿದನು. ಕೆಲಸದಲ್ಲಿ ಮೇಲು ಕೀಳೆಂಬುದಿಲ್ಲ ಎಂದು ಬಾಯಿಂದ ಹೇಳುವುದು ಸುಲಭ. ಪರದೇಶದಲ್ಲಿ, ಓದಿದ ಮನುಷ್ಯನು, ನಡುರಾತ್ರಿಯಲ್ಲಿ ಅದನ್ನು ನಡೆಸಿ ತೋರುವುದು ಸುಲಭವಲ್ಲ.

ಡಿಪ್ಲೊಮಾ ಪಡೆದ ಬಳಿಕ ಸುಬ್ಬರಾಯರು ಹಾರ್ವರ್ಡಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ಪ್ರಾಧ್ಯಾಪಕರ ಬಳಿ ಸಂಶೋಧನೆಗೆ ತೊಡಗಿದರು. ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಇರುವ ರಂಜಕವನ್ನು ಕರಾರುವಾಕ್ಕಾಗಿ ಅಳೆಯುವ ವಿಧಾನವನ್ನು ರೂಪಿಸುವುದು ಮೊದಲ ಕೆಲಸವಾಗಿತ್ತು. ಮಾದರಿಗೆ ಮಾಲಿಬ್ಡೇಟ್ ಲವಣವನ್ನು ಬೆರೆಸಿ, ಅನಂತರ ಒಂದು ಅಪಕರ್ಷಕ ದ್ರವ್ಯವನ್ನು ಕೂಡಿಸಿದರೆ ನೀಲಿಬಣ್ಣ ಹುಟ್ಟುತ್ತದೆ. ಬಣ್ಣದ ಗಾಢತೆಯಿಂದ ರಂಜಕದ ಪ್ರಮಾಣ ತಿಳಿಯುತ್ತದೆ. 1925ರಲ್ಲಿ ಪ್ರಕಟವಾದ ಈ ಫಿಸ್ಕ್-ಸುಬ್ಬರಾವ್ ವಿಧಾನವನ್ನು ಜಗತ್ತಿನ ಪ್ರಯೋಗಶಾಲೆಗಳೆಲ್ಲ ಅಂಗೀಕರಿಸಿದವು. ಮುಂದಿನ ತಲೆಮಾರುಗಳ ಜೀವರಸಾಯನ ವಿದ್ಯಾರ್ಥಿಗಳು ಪಾಠವಾಗಿ ಕಲಿತದ್ದು ಇದನ್ನೇ.

ಈ ವಿಧಾನವೇ ಅವರಿಗೆ ಇನ್ನೊಂದು ಬಾಗಿಲನ್ನು ತೆರೆಯಿತು. ಸ್ನಾಯುವಿನ ಸಾರವನ್ನು ಪರೀಕ್ಷಿಸುವಾಗ ನೀಲಿಬಣ್ಣ ಒಮ್ಮೆಗೇ ಮೂಡದೆ ನಿಧಾನವಾಗಿ ಏರುತ್ತಾ ಹೋಗುವುದನ್ನು ಅವರು ಗಮನಿಸಿದರು. ಮತ್ತೊಬ್ಬರಾಗಿದ್ದರೆ ಅದನ್ನು ಪ್ರಯೋಗದ ದೋಷವೆಂದು ಬದಿಗಿಡುತ್ತಿದ್ದರು. ಸುಬ್ಬರಾಯರೂ ಫಿಸ್ಕರೂ ಅದರ ಬೆನ್ನು ಹತ್ತಿದರು. ಆಮ್ಲದಲ್ಲಿ ಬೇಗನೆ ಒಡೆಯುವ ಒಂದು ರಂಜಕ ಸಂಯುಕ್ತ ಸ್ನಾಯುವಿನಲ್ಲಿದೆ, ಅದು ಒಡೆದಂತೆಲ್ಲ ಬಣ್ಣ ಏರುತ್ತದೆ ಎಂಬುದು ಖಚಿತವಾಯಿತು. ಇದೇ ಫಾಸ್ಫೋಕ್ರಿಯಾಟಿನ್. 1927ರಲ್ಲಿ ಅವರು ಇದನ್ನು ಪ್ರಕಟಿಸಿದರು; ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಎಗಲ್‌ಟನ್ ದಂಪತಿಗಳು ಸ್ವತಂತ್ರವಾಗಿ ಇದರ ಸುಳಿವನ್ನು ಹಿಡಿದಿದ್ದರು. 1929ರಲ್ಲಿ ಫಿಸ್ಕ್ ಮತ್ತು ಸುಬ್ಬರಾಯರು ಅಡಿನೋಸಿನ್ ಟ್ರೈಫಾಸ್ಫೇಟ್ ಅಥವಾ ಎ.ಟಿ.ಪಿ. ಎಂಬ ಮತ್ತೊಂದು ಸಂಯುಕ್ತವನ್ನು ಬೇರ್ಪಡಿಸಿದರು. ಜರ್ಮನಿಯಲ್ಲಿ ಕಾರ್ಲ್ ಲೋಹ್‌ಮನ್ ಅದೇ ವರ್ಷ ಅದನ್ನು ಕಂಡುಹಿಡಿದರು. 1930ರಲ್ಲಿ ಸುಬ್ಬರಾಯರಿಗೆ ಹಾರ್ವರ್ಡಿನ ಪಿಎಚ್.ಡಿ. ಪದವಿ ಲಭಿಸಿತು.

ಈ ಎರಡು ಸಂಯುಕ್ತಗಳ ಮಹತ್ವವನ್ನು ಈ ಸೀಮೆಯ ಬದುಕಿನಿಂದಲೇ ಅರಿಯಬಹುದು. ಹಗೇವಿನಲ್ಲಿ ಜೋಳವೆಷ್ಟೇ ಇದ್ದರೂ ಹಸಿದ ಕ್ಷಣಕ್ಕೆ ಅದು ಒದಗದು. ಕೈಯಲ್ಲಿ ರೊಟ್ಟಿ ಬೇಕು. ಕೈಯ ರೊಟ್ಟಿ ತೀರಿದರೆ ಬಿಚ್ಚಿ ಉಣ್ಣಲು ಬುತ್ತಿ ಬೇಕು. ದೇಹದಲ್ಲಿ ಶೇಖರವಾದ ಸಕ್ಕರೆ ಕೊಬ್ಬುಗಳು ಹಗೇವಿನ ಜೋಳವಿದ್ದಂತೆ, ಎ.ಟಿ.ಪಿ. ಕೈಯ ರೊಟ್ಟಿ, ಫಾಸ್ಫೋಕ್ರಿಯಾಟಿನ್ ಬೆನ್ನಿಗೆ ಕಟ್ಟಿಕೊಂಡ ಬುತ್ತಿ. ಹಟ್ಟಿಯ ಗಣಿಯಾಳದಲ್ಲಿ ಕಾರ್ಮಿಕನು ಬಂಡೆಗೆ ಹಾಕುವ ಮೊದಲ ಪೆಟ್ಟಿಗೆ ಶಕ್ತಿ ಒದಗುವುದು ಎ.ಟಿ.ಪಿ.ಯಿಂದ, ಅದು ವೆಚ್ಚವಾದೊಡನೆ ಕ್ಷಣಮಾತ್ರದಲ್ಲಿ ತುಂಬಿಕೊಡುವುದು ಫಾಸ್ಫೋಕ್ರಿಯಾಟಿನ್. ಸ್ನಾಯುವಿನ ಶಕ್ತಿಗೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂಬ, ನೊಬೆಲ್ ಪಾರಿತೋಷಕ ಪಡೆದ ಪಂಡಿತರ ಅಂದಿನ ಸಿದ್ಧಾಂತ ಈ ಶೋಧಗಳಿಂದ ಬದಲಾಗಬೇಕಾಯಿತು.

ಮಿದುಳಿಗೂ ಇದೇ ನಿಯಮ ಅನ್ವಯಿಸುತ್ತದೆ. ತೂಕದಲ್ಲಿ ದೇಹದ ನೂರಕ್ಕೆ 2 ಭಾಗದಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹ ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ 20ರಷ್ಟನ್ನು ಬಳಸುತ್ತದೆ. ನರಕೋಶಗಳಲ್ಲಿಯೂ ಎ.ಟಿ.ಪಿ., ಫಾಸ್ಫೋಕ್ರಿಯಾಟಿನ್‌ಗಳದೇ ವ್ಯವಹಾರ. 1994ರಲ್ಲಿ ಜರ್ಮನಿಯ ವೈದ್ಯರು ಹುಟ್ಟಿನಿಂದಲೇ ಕ್ರಿಯಾಟಿನ್ ತಯಾರಾಗದ ಒಂದು ಚಯಾಪಚಯ ದೋಷವನ್ನು ಮಗುವೊಂದರಲ್ಲಿ ಗುರುತಿಸಿದರು. ಇಂಥ ಮಕ್ಕಳ ಮಿದುಳಿನಲ್ಲಿ ಬುತ್ತಿಯೇ ಇರುವುದಿಲ್ಲ. ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ, ಮೂರ್ಛೆ ಬರುತ್ತದೆ. ಕ್ರಿಯಾಟಿನ್ನನ್ನೇ ಬಾಯಿಯ ಮೂಲಕ ಕೊಟ್ಟಾಗ ಗುಣ ಕಂಡಿತು. ಸ್ನಾಯುವಿನ ಸಾರದಲ್ಲಿ ನಿಧಾನವಾಗಿ ಏರಿದ ಒಂದು ನೀಲಿಬಣ್ಣವನ್ನು ಅಲಕ್ಷಿಸದ ಎಚ್ಚರ ಆರೂವರೆ ದಶಕಗಳ ಅನಂತರ ನರರಸಾಯನದಲ್ಲಿ ಹೀಗೆ ಫಲಿಸಿತು.

ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಖಾಯಂ ಪ್ರಾಧ್ಯಾಪಕ ಹುದ್ದೆ ದೊರೆಯಲಿಲ್ಲ. ತಮ್ಮ ಪಾಲಿನ ಕೀರ್ತಿಗಾಗಿ ವಾದಿಸುವುದು ಅವರ ಸ್ವಭಾವದಲ್ಲಿರಲಿಲ್ಲ. ಫಾಸ್ಫೋಕ್ರಿಯಾಟಿನ್ ಶೋಧದ ಮುಖ್ಯ ಶ್ರೇಯಸ್ಸನ್ನು ಫಿಸ್ಕರಿಗೇ ಅವರು ಬಿಟ್ಟುಕೊಟ್ಟರು. ಅಲ್ಲಿ ಅವರ ಜೊತೆ ಕೆಲಸಮಾಡಿ, ಮುಂದೆ 1988ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜಾರ್ಜ್ ಹಿಚಿಂಗ್ಸ್ ಅವರು, ಸುಬ್ಬರಾಯರು ಬೇರ್ಪಡಿಸಿದ್ದ ಕೆಲವು ಸಂಯುಕ್ತಗಳು ಫಿಸ್ಕರ ಅಸಹನೆಯಿಂದ ಬೆಳಕಿಗೆ ಬಾರದೆ, ಬಹುಕಾಲದ ಮೇಲೆ ಇತರರಿಂದ ಮತ್ತೆ ಶೋಧಿತವಾಗಬೇಕಾಯಿತೆಂದು ದಾಖಲಿಸಿದ್ದಾರೆ.

1940ರಲ್ಲಿ ಸುಬ್ಬರಾಯರು ಹಾರ್ವರ್ಡನ್ನು ತೊರೆದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಪ್ರಯೋಗಾಲಯವನ್ನು ಸೇರಿದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಸಂಶೋಧನಾ ನಿರ್ದೇಶಕರಾದರು. ಮುಂದಿನ ಎಂಟು ವರ್ಷಗಳು ಅವರ ಬಾಳಿನ ಸುಗ್ಗಿಯ ಕಾಲ.

ಸೋದರರನ್ನು ಕೊಂದ ಸ್ಪ್ರೂ ರೋಗವನ್ನು ಅವರು ಮರೆತಿರಲಿಲ್ಲ. ಅದರ ಲಕ್ಷಣಗಳಲ್ಲೊಂದು ರಕ್ತಹೀನತೆ. ಯಕೃತ್ತಿನ ಸಾರದಿಂದ ಕೆಲವು ಬಗೆಯ ರಕ್ತಹೀನತೆ ವಾಸಿಯಾಗುವುದನ್ನು ಬಾಸ್ಟನ್ನಿನ ವೈದ್ಯರು 1926ರಲ್ಲಿಯೇ ತೋರಿಸಿದ್ದರು. ಅನಂತರ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಗಿರಣಿ ಕಾರ್ಮಿಕ ಸ್ತ್ರೀಯರಲ್ಲಿ ಬಸಿರಿನ ಕಾಲಕ್ಕೆ ಕಾಣುವ ರಕ್ತಹೀನತೆಯು ಯೀಸ್ಟ್ ಸಾರದಿಂದ ಗುಣವಾಗುವುದನ್ನು ಕಂಡಿದ್ದರು. ಆದರೆ ಗುಣ ಕೊಡುವ ವಸ್ತು ಯಾವುದು? ಒಂದು ಟನ್ ಅದಿರನ್ನು ಅರೆದು ಕೆಲವೇ ಗ್ರಾಂ ಚಿನ್ನವನ್ನು ಪಡೆಯುವ ಹಟ್ಟಿಯ ಜನರಿಗೆ ಈ ಹುಡುಕಾಟದ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಅತ್ಯಲ್ಪ ಪ್ರಮಾಣದ ಸಾರವನ್ನು ಪಡೆದು, ಎಲೆಯಿಂದ ಬಂದುದರಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಸೊಪ್ಪಿನಿಂದಾಗಲಿ ಯಕೃತ್ತಿನಿಂದಾಗಲಿ ಹೀಗೆ ತೆಗೆದು ಲೋಕದ ರೋಗಿಗಳಿಗೆಲ್ಲ ಹಂಚುವುದು ಅಸಾಧ್ಯ. ಸುಬ್ಬರಾಯರ ನೇತೃತ್ವದಲ್ಲಿ ಲೆಡರ್ಲೆಯ ರಸಾಯನಜ್ಞರ ತಂಡ ಅದರ ರಚನೆಯನ್ನು ಬಿಡಿಸಿ, 1945ರಲ್ಲಿ ಅದನ್ನು ಕೃತಕವಾಗಿ ಸಂಯೋಜಿಸಿತು. ಆ ವರ್ಷವೇ ಅಮೆರಿಕದ ವೈದ್ಯ ಟಾಮ್ ಸ್ಪೀಸ್ ಅದನ್ನು ರಕ್ತಹೀನತೆಯ ರೋಗಿಗಳಿಗೆ ಕೊಟ್ಟು ಗುಣ ಕಂಡರು. ಸ್ಪ್ರೂ ರೋಗಿಗಳೂ ಅದರಿಂದ ಚೇತರಿಸಿಕೊಂಡರು. ಸೋದರರ ಚಿತೆಯ ಮುಂದೆ ಹುಟ್ಟಿದ ಸಂಕಲ್ಪ ಕಾಲು ಶತಮಾನದ ತರುವಾಯ ಕೈಗೂಡಿತು.

ಫೋಲಿಕ್ ಆಮ್ಲದ ಕಥೆ ರಕ್ತಕ್ಕೆ ಮುಗಿಯಲಿಲ್ಲ. ಪರ್ನಿಷಸ್ ಎಂಬ ಒಂದು ಬಗೆಯ ರಕ್ತಹೀನತೆಯಲ್ಲಿ ಅದು ರಕ್ತವನ್ನು ಸರಿಪಡಿಸಿದರೂ ನರಗಳ ಕ್ಷಯವನ್ನು ತಡೆಯದೆಂಬುದು ಬೇಗನೆ ತಿಳಿದುಬಂತು. ಆ ಕೊರತೆಯನ್ನು ತುಂಬುವ ಬಿ-12 ಜೀವಸತ್ವ 1948ರಲ್ಲಿ ಬೇರೆ ಪ್ರಯೋಗಾಲಯಗಳಲ್ಲಿ ದೊರಕಿತು. ಇನ್ನೊಂದು ಕಡೆ, ಗರ್ಭದಲ್ಲಿರುವ ಶಿಶುವಿನ ಮಿದುಳು ಬೆನ್ನುಹುರಿಗಳು ರೂಪುಗೊಳ್ಳುವ ಮೊದಲ ವಾರಗಳಲ್ಲಿ ತಾಯಿಯ ಮೈಯಲ್ಲಿ ಫೋಲಿಕ್ ಆಮ್ಲವಿರುವುದು ಅತ್ಯಗತ್ಯವೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಸಾಧಿಸಿತು. ಹಿಂದೆ ಇಂಥ ದೋಷವಿದ್ದ ಶಿಶುವನ್ನು ಹೆತ್ತಿದ್ದ ತಾಯಂದಿರಲ್ಲಿ ಆ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತು. ಭಾರತದಲ್ಲಿ 2013ರಲ್ಲಿ ಆರಂಭವಾದ ಯೋಜನೆಯಂತೆ ಶಾಲಾ ಬಾಲಕ ಬಾಲಕಿಯರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣದೊಡನೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿದೆ. ಆ ಮಾತ್ರೆಯನ್ನು ನುಂಗುವ ಪ್ರತಿ ವಿದ್ಯಾರ್ಥಿಯೂ ಸುಬ್ಬರಾಯರ ದಾಸೋಹದ ಪಂಕ್ತಿಯಲ್ಲಿ ಕುಳಿತವನೇ.

ರಕ್ತವನ್ನು ಬೆಳೆಸುವ ವಸ್ತು ಕ್ಯಾನ್ಸರಿನ ಕೋಶಗಳನ್ನೂ ಬೆಳೆಸಬಲ್ಲದು. ಬಾಸ್ಟನ್ನಿನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ರಕ್ತದ ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಕೊಟ್ಟಾಗ ರೋಗ ಉಲ್ಬಣಿಸಿದಂತೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ವಸ್ತುವನ್ನು ಕೊಟ್ಟರೆ ರೋಗ ಇಳಿಯಬೇಕಷ್ಟೆ. ಸುಬ್ಬರಾಯರ ತಂಡದಲ್ಲಿ ಡೋರಿಸ್ ಸೀಗರ್ ಮುಂತಾದವರು ಫೋಲಿಕ್ ಆಮ್ಲದ ರಚನೆಯಲ್ಲಿ ಅಲ್ಪ ವ್ಯತ್ಯಾಸ ಮಾಡಿ ಅಮಿನೋಪ್ಟೆರಿನ್ ಎಂಬ ವಸ್ತುವನ್ನು ಸಿದ್ಧಪಡಿಸಿದರು. ಅದು ಬೀಗದೊಳಗೆ ಹೊಕ್ಕು ತಿರುಗದೆ ನಿಲ್ಲುವ ಸುಳ್ಳು ಬೀಗದಕೈಯಂತೆ. ನಿಜವಾದ ಕೈ ಒಳಹೋಗದಂತೆ ತಡೆದು ಕ್ಯಾನ್ಸರ್ ಕೋಶದ ವೃದ್ಧಿಯನ್ನು ನಿಲ್ಲಿಸುತ್ತದೆ. 1948ರ ಜೂನಿನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಂತೆ, ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಕ್ಕಳಿಗೆ ರೋಗ ತಾತ್ಕಾಲಿಕವಾಗಿ ಇಳಿಯಿತು. ಆ ತನಕ ಸಾವನ್ನಲ್ಲದೆ ಬೇರೇನನ್ನೂ ಕಾಣದಿದ್ದ ರೋಗದಲ್ಲಿ ಅದು ಮೊದಲ ಬೆಳಕು. ಅದರ ಬಳಿಬಂದ ಮೆಥೋಟ್ರೆಕ್ಸೇಟ್ ಇಂದಿಗೂ ಕ್ಯಾನ್ಸರಿಗೂ ಸಂಧಿವಾತಕ್ಕೂ ಬಳಕೆಯಲ್ಲಿದೆ.

ಇದೇ ವರ್ಷಗಳಲ್ಲಿ ಅವರ ನಿರ್ದೇಶನದ ಪ್ರಯೋಗಾಲಯದಿಂದ ಇನ್ನೆರಡು ಔಷಧಗಳು ಹೊರಬಂದವು. ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಮಣ್ಣಿನ ಜೀವಿಯೊಂದರಿಂದ ಪಡೆದ ಆರಿಯೋಮೈಸಿನ್ 1948ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಟೆಟ್ರಾಸೈಕ್ಲಿನ್ ವರ್ಗದ ಔಷಧಗಳಲ್ಲಿ ಇದೇ ಮೊದಲನೆಯದು. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಭೀತಿ ಆವರಿಸಿದಾಗ ಜನರನ್ನು ಕಾಪಾಡಲು ನೆರವಾದದ್ದು ಈ ವರ್ಗದ ಮಾತ್ರೆಗಳೇ. ಎರಡನೆಯದು 1947ರಲ್ಲಿ ಬಂದ ಹೆಟ್ರಾಜಾನ್, ಎಂದರೆ ಡಿ.ಇ.ಸಿ. ಮಾತ್ರೆ. ಸೊಳ್ಳೆಯಿಂದ ಹರಡುವ ಆನೆಕಾಲು ರೋಗದ ಸೂಕ್ಷ್ಮ ಹುಳುಗಳನ್ನು ಇದು ರಕ್ತದಲ್ಲಿಯೇ ನಾಶಪಡಿಸುತ್ತದೆ. ಊದಿದ ಕಾಲನ್ನು ಮೊದಲಿನಂತೆ ಮಾಡಲು ಇದರಿಂದ ಆಗದು. ರೋಗ ಹರಡುವುದನ್ನು ತಡೆಯಲು ಆಗುತ್ತದೆ. ಕರ್ನಾಟಕದಲ್ಲಿ ಕರಾವಳಿಯ ಜಿಲ್ಲೆಗಳೊಡನೆ ರಾಯಚೂರು, ಕಲಬುರಗಿ, ಯಾದಗಿರಿ, ಬೀದರ ಜಿಲ್ಲೆಗಳೂ ಈ ರೋಗದ ನೆಲೆಗಳಾಗಿದ್ದವು. 2004ರಿಂದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಬಂದು ತಮ್ಮ ಕಣ್ಣೆದುರಿಗೇ ನುಂಗಿಸಿದ ಮಾತ್ರೆ ಇದೇ.

ಇಂಥ ಬಾಳಿಗೆ ಒಂದು ನೋವಿನ ಮುಖವೂ ಇದೆ. ಅದನ್ನು ಮರೆಮಾಡುವುದು ಸತ್ಯಕ್ಕೆ ಸಲ್ಲದು. 1922ರಲ್ಲಿ ತಾಯ್ನಾಡನ್ನು ಬಿಟ್ಟ ಸುಬ್ಬರಾಯರು ಮತ್ತೆ ಹಿಂದಿರುಗಲಿಲ್ಲ. ಅವರು ಹೊರಟ ಮೇಲೆ ಜನಿಸಿದ ಗಂಡುಮಗು ಶೈಶವದಲ್ಲಿಯೇ ಅಳಿಯಿತು. ತಂದೆ ಅದರ ಮುಖವನ್ನು ಕಾಣಲಿಲ್ಲ. ಪತ್ನಿ ಶೇಷಗಿರಿಯವರು ಭಾರತದಲ್ಲಿ ಕಾಯುತ್ತಲೇ ಉಳಿದರು. ಒಂದು ಶೋಧ ಮುಗಿಯುವಷ್ಟರಲ್ಲಿ ಇನ್ನೊಂದು ಎದುರು ನಿಲ್ಲುತ್ತಿತ್ತು. ಮರಳುವ ದಿನ ಮುಂದೆ ಮುಂದೆ ಹೋಗುತ್ತಿತ್ತು. ಸಂಸಾರದಲ್ಲಿದ್ದೇ ಸಾಧನೆ ಮಾಡಬೇಕೆಂಬ ಶರಣರ ಮಾರ್ಗ ಅವರಿಗೆ ಸಾಧ್ಯವಾಗಲಿಲ್ಲ. ಮಠದ ಬಾಗಿಲಲ್ಲಿ ದೊರೆಯದ ಸಂನ್ಯಾಸವನ್ನು ಅವರು ಪ್ರಯೋಗಶಾಲೆಯಲ್ಲಿ ಸ್ವೀಕರಿಸಿದರು. ಅದರ ಬೆಲೆಯನ್ನು ಅವರೊಡನೆ, ಪ್ರಾಯಶಃ ಅವರಿಗಿಂತ ಹೆಚ್ಚಾಗಿ, ಆ ಸಾಧ್ವಿ ತೆತ್ತರು. ಲೋಕವು ಸುಬ್ಬರಾಯರಿಗೆ ಸಲ್ಲಿಸುವ ಕೃತಜ್ಞತೆಯಲ್ಲಿ ಆಕೆಗೂ ಪಾಲಿದೆ.

ಅಮೆರಿಕದ ಕಾನೂನು ಭಾರತೀಯರಿಗೆ ಬಹುಕಾಲ ಪೌರತ್ವವನ್ನು ನಿರಾಕರಿಸಿತ್ತು. 1946ರಲ್ಲಿ ಆ ಕಾನೂನು ಸಡಿಲಗೊಂಡ ಮೇಲೂ ಸುಬ್ಬರಾಯರು ಅಲ್ಲಿನ ಪ್ರಜೆಯಾಗಲಿಲ್ಲ. ಭಾರತ ಸ್ವತಂತ್ರವಾಗಿ ಒಂದು ವರ್ಷ ತುಂಬುವ ಹೊತ್ತಿಗೆ, 1948ರ ಆಗಸ್ಟ್ ತಿಂಗಳ ಒಂದು ರಾತ್ರಿ, ನಿದ್ರೆಯಲ್ಲಿಯೇ ಹೃದಯಸ್ತಂಭನದಿಂದ ಅವರು ಲಿಂಗೈಕ್ಯರಾದವರಂತೆ ಶಾಂತವಾಗಿ ದೇಹ ಬಿಟ್ಟರು. ಆಗ ಅವರ ವಯಸ್ಸು 53. ಯಾವ ದೊಡ್ಡ ಪಾರಿತೋಷಕವೂ ಅವರಿಗೆ ಬಂದಿರಲಿಲ್ಲ. ಅನಂತರ ಒಂದು ಶಿಲೀಂಧ್ರಕ್ಕೆ ಅವರ ಗೌರವಾರ್ಥ ಸುಬ್ಬರೋಮೈಸಿಸ್ ಎಂಬ ಹೆಸರನ್ನಿಟ್ಟರು. ಜನ್ಮ ಶತಮಾನೋತ್ಸವದ 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ಮೂರನೆಯ ಯತ್ನದಲ್ಲಿ ಮೆಟ್ರಿಕ್ ತೇರ್ಗಡೆಯಾದ ಹುಡುಗ, ಅರ್ಧ ಪದವಿಯ ವೈದ್ಯ, ಆಸ್ಪತ್ರೆಯ ರಾತ್ರಿಯಾಳು, ಹುದ್ದೆ ದೊರೆಯದ ಸಂಶೋಧಕ: ಈ ಯಾವ ಮೆಟ್ಟಿಲಿನಲ್ಲಿಯೂ ಸುಬ್ಬರಾಯರು ನಿಂತು ದೂರಲಿಲ್ಲ. ಮಾಡಬೇಕಾದ ಕೆಲಸವನ್ನು ಹುಡುಕಿದರು, ಕಂಡದ್ದನ್ನು ಕೊಟ್ಟರು. ಹಳ್ಳಿಯ ಶಾಲೆಗಳಿಂದ ವಿಜ್ಞಾನದ ಹಾದಿ ಹಿಡಿಯುವ ವಿದ್ಯಾರ್ಥಿಗಳು ಅಂಕಪಟ್ಟಿಯ ಏರಿಳಿತಗಳಿಗೆ ಎದೆಗುಂದದೆ, ಸಣ್ಣ ಸಂಗತಿಯನ್ನೂ ಅಲಕ್ಷಿಸದೆ, ದೊರೆತುದನ್ನು ಸಮಾಜಕ್ಕೆ ಸಲ್ಲಿಸುವ ಮನಸ್ಸನ್ನು ಬೆಳೆಸಿಕೊಂಡರೆ ಅದೇ ಆ ಮಹನೀಯರಿಗೆ ಸಲ್ಲುವ ನಿಜವಾದ ಸ್ಮರಣೆ.